ಜೋಳ ಬೇಡ, ರೊಟ್ಟಿ ಕಳಿಸಿ

ಪುಣೆಯಲ್ಲಿ ಮಾಲ್ದಂಡಿ ತಳಿಯ ಜೋಳಕ್ಕೇನೂ ಬರವಿಲ್ಲ. ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್‌ಗೆ ಹೋದರೆ ಚೀಲಗಟ್ಟಲೆ ಸಿಗುತ್ತದೆ. ಆದರೆ ಜೋಳ ಚೀಲದಲ್ಲೇ ಊರು ಬಿಟ್ಟರೆ ಊರಿಗೆ ಸಿಗುವುದು ಕಾಳಿನ ದುಡ್ಡು ಮಾತ್ರ. ಬೀಸುವ, ಬಡಿಯುವ, ಬೇಯಿಸುವ ಕೂಲಿ ಬೇರೆಯವರ ಪಾಲು. ಅದಕ್ಕೇ ಹಡಪಸರ, ಪಿಂಪ್ರಿ ಕಡೆಯ ಕೆಲವು ಕನ್ನಡದ ಮನೆಯವರು ಸೇರಿ ವಿಜಯಪುರ ಜಿಲ್ಲೆಯ ಒಂದು ಸ್ತ್ರೀಶಕ್ತಿ ಸಂಘದಿಂದ ಖಡಕ್ ರೊಟ್ಟಿಯನ್ನೇ ತರಿಸುತ್ತೇವೆ. ಆರ್ಡರ್, ದುಡ್ಡಿನ ಲೆಕ್ಕ ನನ್ನದು.

ಚೆನ್ನಾಗಿ ಒಣಗಿದ ರೊಟ್ಟಿಗೆ ಫ್ರಿಜ್ ಬೇಡ. ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿದರೆ ಸೊಲ್ಲಾಪುರ ದಾಟಿ ಬೆಳಿಗ್ಗೆ ಪುಣೆಯ ಬಸ್ ನಿಲ್ದಾಣ ಸ್ವಾರಗೇಟ್‌ಗೆ ಬರುತ್ತದೆ. ಇದಕ್ಕೆ ಆಗಿಬಾರದ್ದು ಎರಡೇ: ಏಟು ಮತ್ತು ತೇವ. ರೊಟ್ಟಿಯ ಅಗಲಕ್ಕೆ ಸರಿಯಾದ ರಟ್ಟಿನ ಡಬ್ಬಿ, ಒಳಗೆ ಹತ್ತು ರೊಟ್ಟಿಗೊಂದು ಸೀಲ್ ಮಾಡಿದ ಕವರ್. ಮೂಲೆಯ ಸಂದಿಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಪೊಟ್ಟಣ ತುರುಕುತ್ತಾರೆ. ರೊಟ್ಟಿ ಅಲುಗಾಡಲ್ಲ, ಚಟ್ನಿಯೂ ಮಾರಾಟವಾಗುತ್ತದೆ. ಮುರಿದದ್ದು ನಮ್ಮ ಮನೆಗೆ, ಮಜ್ಜಿಗೆಯಲ್ಲಿ ನೆನೆಸಿ ತಿನ್ನೋಕೆ.

ಕಾಗದಪತ್ರ ಕಷ್ಟವಾಗಲಿಲ್ಲ. ನಾವು ಮಾಡಿಸಿದಾಗ ವರ್ಷದ ವಹಿವಾಟು 12 ಲಕ್ಷದ ಒಳಗಿದ್ದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಸಾಕಿತ್ತು. ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು.

ನಿಜವಾದ ಗಂಟು ಇದ್ದದ್ದು ಜೋಳ ಕೊಳ್ಳುವುದರಲ್ಲಿ. ಹಿಂಗಾರಿ ಜೋಳ ರಾಶಿಯಾಗುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಸಾಲ ಇದ್ದವರು ಕಣದಿಂದಲೇ ಮಾರಿಬಿಡುತ್ತಾರೆ. ಆಗ ಸಂಘದ ಕೈಯಲ್ಲಿ ದುಡ್ಡಿರಲ್ಲ. ಮಳೆಗಾಲದಲ್ಲಿ ಅದೇ ಜೋಳವನ್ನು ಅಂಗಡಿಯಿಂದ ಜಾಸ್ತಿ ಕೊಟ್ಟು ತರಬೇಕು. ಸಂಘದ ಅಕ್ಕ ಫೋನಿನಲ್ಲಿ ಸೀದಾ ಹೇಳಿದರು: "ಅಣ್ಣಾರ, ರೊಕ್ಕ ಮೊದ್ಲ ಬಂದ್ರ ನಮ್ಮೂರಾಗಿನ ಜ್ವಾಳಾನ ತೊಗೋತೀವಿ. ಇಲ್ಲಂದ್ರ ಸಾವ್ಕಾರ್ರ ಅಂಗಡ್ಯಾಗಿಂದು."

ಆಮೇಲೆ ರಾಶಿ ಹೊತ್ತಿಗೆ ಪ್ರತಿ ಮನೆಯಿಂದ ಮುಂಗಡ ಕಳಿಸುವುದು ಶುರುವಾಯಿತು. ವರ್ಷವಿಡೀ ರೊಟ್ಟಿಯ ಲೆಕ್ಕದಲ್ಲಿ ಅದನ್ನು ಮುರಿದುಕೊಳ್ಳುತ್ತಾರೆ. "ಆನ್‌ಲೈನ್‌ನಲ್ಲಿ ಸಿಗೋದಕ್ಕೆ ಮುಂಗಡ ಯಾಕ್ರೀ?" ಅಂತ ಕೆಲವರು ಬಿಟ್ಟರು. ಅವರದೂ ತಪ್ಪಲ್ಲ. 2023 ಸಿರಿಧಾನ್ಯ ವರ್ಷ ಅಂತ ಆಫೀಸುಗಳಿಂದ ದೊಡ್ಡ ದೊಡ್ಡ ಆರ್ಡರ್ ಬಂದವು. ವರ್ಷ ಮುಗಿಯಿತು, ಆರ್ಡರೂ ಮುಗಿಯಿತು! ಸಂಘಕ್ಕೆ ಆಸರೆಯಾಗಿದ್ದು ಮುಂಗಡ ಕೊಡುವ ಮನೆಗಳೇ.

ಕಳೆ ಮತ್ತು ರಾಶಿಯ ದಿನಗಳಲ್ಲಿ ಹೆಣ್ಣುಮಕ್ಕಳು ಹೊಲಕ್ಕೆ ಹೋಗುತ್ತಾರೆ, ಒಲೆ ಹಚ್ಚುವವರಿಲ್ಲ. ಅವಸರ ಮಾಡಿ ಎಂದು ನಾವು ಹೇಳುವುದಿಲ್ಲ. ಆ ವಾರ ಪುಣೆಯವರು ಚಪಾತಿ ತಿನ್ನಲಿ, ಏನಾಯ್ತು?