ಫಲ ಕಣ್ಣಿಗೆ ಬೀಳದಿದ್ದರೂ ನಂಬಿಗಸ್ತರಾಗಿ ಸೇವೆ ಮಾಡುವುದು ಹೇಗೆ?

ಸಭೆಯಲ್ಲಿ ಒಂದು ಸೇವೆಯನ್ನು ವಹಿಸಿಕೊಂಡವರು ಮೊದಲು ಬಿಡಬೇಕಾದದ್ದು, ಇಂದು ಮಾಡಿದ್ದರಿಂದ ಇಂದೇ ಏನಾಯಿತೆಂದು ಎಣಿಸಿ ನೋಡುವ ಅಭ್ಯಾಸವನ್ನು. ನಂಬಿಗಸ್ತ ಸೇವೆಯು ಇತರರ ಮೇಲೆ ಬೀರುವ ಪ್ರಭಾವವು ಬಹುಪಾಲು ಸೇವೆ ಮಾಡಿದವರ ಕಣ್ಣಿಗೆ ಬೀಳುವುದೇ ಇಲ್ಲ. ಕಾಣದ್ದನ್ನು ಇಲ್ಲವೆಂದೇ ತಿಳಿದು ಅನೇಕರು ಅರ್ಧದಾರಿಯಲ್ಲಿ ಕೈಬಿಡುತ್ತಾರೆ. 1850ರಲ್ಲಿ, ಹಿಮ ಸುರಿಯುತ್ತಿದ್ದ ಒಂದು ಭಾನುವಾರ, ಹದಿಹರೆಯದ ಹುಡುಗನೊಬ್ಬನು ಇಂಗ್ಲೆಂಡಿನ ಕೋಲ್ಚೆಸ್ಟರಿನಲ್ಲಿದ್ದ ಸಣ್ಣ ಮೆಥಡಿಸ್ಟ್ ಪ್ರಾರ್ಥನಾಲಯವನ್ನು ಹೊಕ್ಕನು. ಅಲ್ಲಿ ಹೆಚ್ಚು ಓದಿಲ್ಲದ ವಿಶ್ವಾಸಿಯೊಬ್ಬರು ಬೆರಳೆಣಿಕೆಯ ಜನರೆದುರು ನಿಂತು, ಯೆಶಾಯನ ಗ್ರಂಥದ 45ನೆಯ ಅಧ್ಯಾಯದ 22ನೆಯ ವಚನವನ್ನೇ ಹಿಡಿದು ಮಾತನಾಡಿದರು. ಆ ಹುಡುಗನೇ ಮುಂದೆ ಲಂಡನ್ನಿನಲ್ಲಿ ಸಾವಿರಾರು ಜನರಿಗೆ ಬೋಧಿಸಿದ ಚಾರ್ಲ್ಸ್ ಸ್ಪರ್ಜನ್. ತಮ್ಮ ಬದುಕನ್ನು ತಿರುಗಿಸಿದ ಆ ಬೋಧಕರ ಹೆಸರನ್ನು ಅವರು ತಮ್ಮ ಸಾಕ್ಷಿಯಲ್ಲಿ ಹೇಳಲಾಗಲಿಲ್ಲ.

ಕೆಲಸವನ್ನು ಆರಿಸಿಕೊಳ್ಳುವಾಗ, ನಿಮ್ಮ ಆರೋಗ್ಯ, ಮನೆಯ ಹೊಣೆ, ದುಡಿಮೆಯ ವೇಳೆ ಎಲ್ಲವನ್ನೂ ನೋಡಿ, ವರ್ಷಗಟ್ಟಲೆ ತಪ್ಪದೆ ನಡೆಸಬಲ್ಲ ಒಂದನ್ನೇ ಹಿಡಿಯಿರಿ. ಅದು ಚಿಕ್ಕದಾಗಿದ್ದರೆ ಸಂಕೋಚ ಬೇಡ. ಯೊಪ್ಪ ಎಂಬ ಊರಿನ ವಿಶ್ವಾಸಿ ದೊರ್ಕಳು ಆಡಿದ ಒಂದು ಮಾತನ್ನೂ ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕವು ದಾಖಲಿಸಿಲ್ಲ. ಆದರೆ ಅವಳು ತೀರಿಕೊಂಡಾಗ ವಿಧವೆಯರೆಲ್ಲರೂ ಪೇತ್ರನ ಸುತ್ತ ನಿಂತು ಅಳುತ್ತಾ, ಅವಳು ಮಾಡಿಕೊಟ್ಟ ಅಂಗಿಗಳನ್ನು ಅವನಿಗೆ ತೋರಿಸಿದರು.

ಸಂಡೇ ಸ್ಕೂಲಿನ ತರಗತಿಯನ್ನೇ ತೆಗೆದುಕೊಳ್ಳಿ. ಇಬ್ಬರೇ ಮಕ್ಕಳು ಬಂದ ದಿನವೂ ಇಪ್ಪತ್ತು ಮಕ್ಕಳಿಗೆ ಮಾಡಿಕೊಳ್ಳುವಷ್ಟೇ ಸಿದ್ಧತೆ ನಿಮ್ಮಲ್ಲಿರಲಿ. ಮಕ್ಕಳು ಬರುವುದಕ್ಕೆ ಮೊದಲೇ ಅಲ್ಲಿರಿ, ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆಯಿರಿ, ಹಿಂದಿನ ವಾರ ಬಾರದವರ ಯೋಗಕ್ಷೇಮ ವಿಚಾರಿಸಿರಿ. ಮೂಲೆಯಲ್ಲಿ ಮಾತಿಲ್ಲದೆ ಕುಳಿತ ಮಗು ನಿಮ್ಮ ಪಾಠಕ್ಕಿಂತ ಹೆಚ್ಚಾಗಿ ನಿಮ್ಮನ್ನೇ ಗಮನಿಸುತ್ತಿರುತ್ತದೆ. ತಪ್ಪು ಉತ್ತರ ಕೊಟ್ಟವನನ್ನು ನೀವು ಹೇಗೆ ತಿದ್ದುತ್ತೀರಿ, ಗೊತ್ತಿಲ್ಲದ ಪ್ರಶ್ನೆ ಬಂದಾಗ ಗೊತ್ತಿಲ್ಲವೆಂದು ಒಪ್ಪಿಕೊಳ್ಳುತ್ತೀರೋ ಇಲ್ಲವೋ, ಪ್ರಾರ್ಥಿಸುವಾಗ ನಿಜವಾಗಿಯೂ ದೇವರೊಡನೆ ಮಾತನಾಡುತ್ತೀರೋ ಇಲ್ಲವೋ ಎಂಬುದು ಅದರ ಮನಸ್ಸಿನಲ್ಲಿ ಉಳಿಯುತ್ತದೆ. ನಮ್ಮ ಸಿಡುಕು, ಅಸಡ್ಡೆಗಳೂ ಹೀಗೆಯೇ ನಮಗೆ ತಿಳಿಯದಂತೆ ಇತರರೊಳಗೆ ಇಳಿಯುತ್ತವೆ. ಆದ್ದರಿಂದ ಬೇಸರ ಮೀರಿದ ದಿನ ಒಂದು ವಾರದ ಬಿಡುವು ಕೇಳುವುದರಲ್ಲಿ ಯಾವ ತಪ್ಪೂ ಇಲ್ಲ.

ನೀವು ಸೇವೆ ಮಾಡುವವರ ಹೆಸರುಗಳನ್ನು ಬರೆದಿಟ್ಟುಕೊಂಡು ಪ್ರತಿದಿನ ಪ್ರಾರ್ಥಿಸಿರಿ, ಆದರೆ ಆ ಪಟ್ಟಿಯನ್ನು ಯಾರಿಗೂ ತೋರಿಸಬೇಡಿ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂದು ಯೇಸು ಕಲಿಸಿದ್ದನ್ನು ಇಂದು ಪಾಲಿಸುವುದೆಂದರೆ, ನೆರವು ಪಡೆದವರ ಫೋಟೋವನ್ನು ಹಂಚದಿರುವುದೂ, ಅವರ ಕಷ್ಟವನ್ನು ಸಭೆಯಲ್ಲಿ ನಮ್ಮ ಸಾಕ್ಷಿಯಾಗಿ ಹೇಳದಿರುವುದೂ ಆಗಿದೆ. ಅವರ ಕಥೆಯನ್ನು ಹೇಳುವ ಹಕ್ಕು ಅವರಿಗೆ ಸೇರಿದ್ದು.

ನಿಮಗಿಂತ ಚೆನ್ನಾಗಿ ಮಾಡಬಲ್ಲವರು ಸಿಕ್ಕಿದಾಗ ಅವರಿಗೆ ಜಾಗ ಬಿಟ್ಟುಕೊಡಿ. ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆಯೆಂದು ನನ್ನ ಅಭಿಪ್ರಾಯ. ಆದಿಸಭೆಯ ಬಾರ್ನಬನು ತಾರ್ಸಕ್ಕೆ ಹೋಗಿ, ಮುಂದೆ ಪೌಲನೆಂದು ಹೆಸರಾದ ಸೌಲನನ್ನು ಹುಡುಕಿ ಅಂತಿಯೋಕ್ಯದ ಸಭೆಗೆ ಕರೆತಂದನು. ಕೆಲವೇ ಅಧ್ಯಾಯಗಳ ನಂತರ ಅಪೊಸ್ತಲರ ಕೃತ್ಯಗಳ ಕಥನವು ಪೌಲನನ್ನೇ ಹಿಂಬಾಲಿಸುತ್ತದೆ, ಬಾರ್ನಬನು ಕುಪ್ರದ್ವೀಪಕ್ಕೆ ಹಡಗು ಹತ್ತಿದ ಮೇಲೆ ಮರೆಯಾಗುತ್ತಾನೆ. ಅವನು ಹುಡುಕಿಕೊಂಡು ಹೋಗಿ ಕರೆತಂದ ಮನುಷ್ಯನ ಪತ್ರಿಕೆಗಳನ್ನು ನಾವು ಇಂದಿಗೂ ಓದುತ್ತಿದ್ದೇವೆ.

ಫಲ ಕಾಣದೆ ಕುಗ್ಗಿದಾಗ, ನಿಮ್ಮ ನಂಬಿಕೆಯನ್ನು ಬೆಳೆಸಿದವರನ್ನು ನೆನೆಯಿರಿ. ತಿಮೊಥೆಗೆ ಬರೆಯುವಾಗ ಪೌಲನು ಅವನ ಅಜ್ಜಿ ಲೋವಿಯನ್ನೂ ತಾಯಿ ಯೂನಿಕೆಯನ್ನೂ ಹೆಸರಿಸಿಯೇ ಸ್ಮರಿಸಿದ್ದಾನೆ. ನಿಮ್ಮ ಪಾಲಿನ ಆ ಹಿರಿಯರು ಬದುಕಿದ್ದರೆ ಅವರಿಗೆ ಒಂದು ಪತ್ರ ಬರೆಯಿರಿ. ಬರಿಯ ಹೊಗಳಿಕೆ ಬೇಡ. ಅವರು ಎಂದು ಏನು ಮಾಡಿದರು, ಆಗ ನಿಮ್ಮ ಸ್ಥಿತಿ ಹೇಗಿತ್ತು, ಅದರಿಂದ ನೀವು ಇಂದು ಏನನ್ನು ಮಾಡುತ್ತಿದ್ದೀರಿ ಎಂಬುದನ್ನು ವಿವರವಾಗಿ ತಿಳಿಸಿರಿ. ಅವರಿಗೆ ಓದಲು ಕಣ್ಣು ಸಾಲದಿದ್ದರೆ ನೀವೇ ಹೋಗಿ ಓದಿ ಹೇಳಿರಿ.