ಕರ್ನಲ್ ಬದಲಾಯಿತು, ವೈಫೈ ಬರಲಿಲ್ಲ

ಹೊಸ ಲ್ಯಾಪ್‌ಟಾಪಿಗೆ ಡೆಬಿಯನ್ 12 (ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ) ಹಾಕಿದಾಗ ಎಲ್ಲವೂ ಸರಿಯಿತ್ತು, ವೈಫೈ ಮಾತ್ರ ಇರಲಿಲ್ಲ. 2023ರಲ್ಲಿ ಬಂದ ಆ ಆವೃತ್ತಿಯ ಕರ್ನಲ್ (ಯಂತ್ರದ ಭಾಗಗಳನ್ನು ನಡೆಸುವ ತಿರುಳು ತಂತ್ರಾಂಶ) 6.1, ನನ್ನ ವೈಫೈ ಚಿಪ್ ಅದಕ್ಕಿಂತ ಈಚಿನದು. ಹಾಗಾಗಿ ಹೊಸ ಕರ್ನಲ್ ಬೇಕಿತ್ತು. ಮೂಲ ಸಂಕೇತದಿಂದ ಕರ್ನಲ್ ಕಟ್ಟುವ ಅಗತ್ಯ ಕಾಣಲಿಲ್ಲ. ಬ್ಯಾಕ್‌ಪೋರ್ಟ್ಸ್ ಭಂಡಾರದಲ್ಲಿ (ಹೊಸ ತಂತ್ರಾಂಶಗಳನ್ನು ಹಳೆಯ ಆವೃತ್ತಿಗೆ ಹೊಂದಿಸಿ ಇಡುವ ಜಾಗ) ಸಿದ್ಧ ಪ್ಯಾಕೇಜ್ ಇತ್ತು, ಅದಕ್ಕೆ ಡೆಬಿಯನ್ ಸಹಿಯೂ ಇದ್ದುದರಿಂದ ಸೆಕ್ಯೂರ್ ಬೂಟ್ (ಸಹಿಯಿಲ್ಲದ ಕರ್ನಲ್ ಚಾಲೂ ಆಗದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡಬೇಕಾಗಲಿಲ್ಲ.

ಮೊಬೈಲಿಗೆ ಯುಎಸ್‌ಬಿ ತಂತಿ ಸಿಕ್ಕಿಸಿ ಇಂಟರ್ನೆಟ್ ಪಡೆದೆ. ಮೊದಲ ಯತ್ನದಲ್ಲಿ ಏನೂ ಬದಲಾಗಲಿಲ್ಲ. ಭಂಡಾರವನ್ನು ಪಟ್ಟಿಗೆ ಸೇರಿಸಿದರಷ್ಟೇ ಸಾಲದು. ‘ಅಲ್ಲಿಂದಲೇ ತಾ’ ಎಂದು ಪ್ಯಾಕೇಜುಗಳನ್ನು ತಂದು ಹಾಕುವ ಆ್ಯಪ್ಟ್‌ಗೆ ಹೇಳದಿದ್ದರೆ ಅದು ಹಳೆಯದನ್ನೇ ಆರಿಸುತ್ತದೆ. ಹಾಗೆ ಹೇಳಿದ ಮೇಲೆ ಹೊಸ ಕರ್ನಲ್ ಕುಳಿತುಕೊಂಡಿತು, ಮರುಚಾಲನೆಯೂ ಆಯಿತು.

ಆದರೂ ವೈಫೈ ಇಲ್ಲ! ಕರ್ನಲ್ ಸಂದೇಶಗಳನ್ನು ಒಂದೊಂದಾಗಿ ಓದಿದಾಗ ಉತ್ತರ ಅಲ್ಲೇ ಇತ್ತು: ಕರ್ನಲ್‌ನ ಚಾಲಕ (ಡ್ರೈವರ್) ಚಿಪ್ಪನ್ನು ಗುರುತಿಸಿತ್ತು, ಆದರೆ ಚಿಪ್ಪಿನೊಳಗೆ ಓಡಬೇಕಾದ ತಂತ್ರಾಂಶದ, ಅಂದರೆ ಫರ್ಮ್‌ವೇರ್‌ನ, ಕಡತ ಡಿಸ್ಕಿನಲ್ಲಿರಲಿಲ್ಲ. ಕರ್ನಲ್ ಮತ್ತು ಫರ್ಮ್‌ವೇರ್ ಬೇರೆ ಬೇರೆ ಪ್ಯಾಕೇಜುಗಳು. ಒಂದನ್ನು ಏರಿಸಿದರೆ ಇನ್ನೊಂದು ತಾನಾಗಿ ಏರುವುದಿಲ್ಲ. ಬ್ಯಾಕ್‌ಪೋರ್ಟ್ಸ್‌ನಿಂದ ಅದನ್ನೂ ಹಾಕಿ ಮತ್ತೆ ಚಾಲೂ ಮಾಡಿದೆ. ಮನೆಯ ವೈಫೈ ಹೆಸರು ಪರದೆಯ ಮೇಲೆ ಕಂಡಾಗ ಆದ ಸಂತೋಷ ದೊಡ್ಡದು.

ಹಳೆಯ 6.1 ಅನ್ನು ತೆಗೆದಿಲ್ಲ. ಹೊಸದು ಕೈಕೊಟ್ಟರೆ ಯಂತ್ರ ಚಾಲೂ ಆಗುವಾಗ ಕಾಣುವ ಗ್ರಬ್ ಪಟ್ಟಿಯಿಂದ ಅದನ್ನೇ ಆರಿಸಿಕೊಳ್ಳಬಹುದು.