ಹಳೇ ಮೆಂಬರ್ ಮತ್ತೆ ವೋಟು ಕೇಳಲು ಬಂದರೆ: ಅನುಭವ ಅಳೆಯುವುದು ಹೇಗೆ?

‘ಮೂರು ಸಲ ಗೆದ್ದಾರ್ರೀ, ಅನುಭವಸ್ಥರು’ ಎಂಬ ಒಂದೇ ಮಾತಿಗೆ ಇಡೀ ಓಣಿಯ ವೋಟು ತೀರ್ಮಾನ ಆಗಿಬಿಡುತ್ತದೆ. ಕಲಬುರಗಿ ಜಿಲ್ಲೆಯ ಪುರಸಭೆ ಚುನಾವಣೆಗಳಲ್ಲಿ ಇದನ್ನು ನೋಡುತ್ತಲೇ ಬಂದಿದ್ದೇನೆ. ಅನುಭವ ಖಂಡಿತ ಬೇಕು. ಕಡತ ಓದಲು ಬರುವ, ಬಿಲ್ ನೋಡಿ ಪ್ರಶ್ನೆ ಕೇಳುವ ಮೆಂಬರ್ ವಾರ್ಡಿಗೆ ದೊಡ್ಡ ಬಲ. ಆದರೆ ಅವರು ಸಭೆಯಲ್ಲಿ ಏನು ಕೇಳಿದರು, ಏನನ್ನು ತಡೆದರು ಎಂದು ಯಾರೂ ಪರೀಕ್ಷಿಸುವುದಿಲ್ಲ. ಅದು ದಾಖಲೆಯಲ್ಲಿ ಇರುತ್ತದೆ. ತೆಗೆಸಿ ಓದಬೇಕು.

ಮೊದಲು ವರ್ಷಗಳ ಲೆಕ್ಕ ಸರಿ ಮಾಡಿಕೊಳ್ಳಿ. ರಾಜ್ಯದ ಹಲವು ನಗರಸಭೆ, ಪುರಸಭೆಗಳಿಗೆ 2018ರ ಆಗಸ್ಟ್ 31ರಂದು ಮತದಾನ ಆಯಿತು. ಅಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟಿಗೆ ಹೋದದ್ದರಿಂದ 2020ರ ಕೊನೆಯವರೆಗೆ ಅಲ್ಲೆಲ್ಲ ಅಧ್ಯಕ್ಷರೇ ಇರಲಿಲ್ಲ. ಅಧ್ಯಕ್ಷರ ಮೊದಲ 30 ತಿಂಗಳ ಅವಧಿ 2023ರಲ್ಲಿ ಮುಗಿದ ಮೇಲೆ ಮತ್ತೆ ತಡ. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ. ಈ ನಡುವೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯೇ ಊರು ನಡೆಸಿದರು. ಕಲಬುರಗಿ ಮಹಾನಗರ ಪಾಲಿಕೆಯ 55 ವಾರ್ಡುಗಳಿಗೆ 2021ರ ಸೆಪ್ಟೆಂಬರ್ 3ರಂದು ಮತದಾನ ಆದರೂ ಮೇಯರ್ ಆಯ್ಕೆ ಆದದ್ದು 2023ರ ಮಾರ್ಚ್‌ನಲ್ಲಿ. ಆದ್ದರಿಂದ ‘ನಾನಿದ್ದಾಗ ಆಯ್ತು’ ಎಂದು ಯಾರಾದರೂ ಹೇಳಿದರೆ ಯಾವ ತಿಂಗಳು, ಆಗ ಸಭೆ ನಡೆಯುತ್ತಿತ್ತಾ ಎಂದು ಕೇಳಿ.

ಆಮೇಲೆ ದುಡ್ಡು ಯಾರದು ಎಂದು ನೋಡಿ. ರಸ್ತೆ ಬದಿಯ ಕಾಮಗಾರಿ ಫಲಕದ ಮುಂದೆ ನಿಂತು ಯೋಜನೆಯ ಹೆಸರು ಓದಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಎಂದು ಬರೆದಿದ್ದರೆ ಅದು ಪುರಸಭೆಯ ಸ್ವಂತ ಹಣದ ಕೆಲಸ ಅಲ್ಲ. ಮೆಂಬರ್ ಓಡಾಡಿ ಕೇಳಿರಬಹುದು, ಆ ಶ್ರೇಯ ಕೊಡೋಣ. ಆದರೆ ಸಿಸಿ ರಸ್ತೆಯ ಫೋಟೊ ಹಾಕಿ ಹಂಚುವ ಸಾಧನೆಯ ಪುಸ್ತಿಕೆಗಳಲ್ಲಿ ಈ ವ್ಯತ್ಯಾಸ ಎಲ್ಲೂ ಇರುವುದಿಲ್ಲ. ಅವನ್ನು ನಂಬಿ ಕೂರಬೇಡಿ.

ಈಗ ಜನ ಎಡವುವ ಜಾಗ: ನಡವಳಿ, ಅಂದರೆ ಸಭೆಯಲ್ಲಿ ನಡೆದದ್ದರ ಬರಹದ ದಾಖಲೆ, ತೆಗೆಸುವುದು. ಪುರಸಭೆಯಲ್ಲಿ ಸಾಮಾನ್ಯ ಸಭೆ ತಿಂಗಳಿಗೊಮ್ಮೆಯಾದರೂ ಸೇರಬೇಕು ಎಂಬುದು 1964ರ ಪುರಸಭೆಗಳ ಕಾಯ್ದೆಯ ನಿಯಮ. ಪ್ರತಿ ಸಭೆಗೂ ನಡವಳಿ ಇರುತ್ತದೆ. ಅದನ್ನು ಮಾಹಿತಿ ಹಕ್ಕಿನಲ್ಲಿ ಕೇಳಬೇಕು. ಹೆಚ್ಚಿನವರು ಬರೆಯುವುದು ಹೀಗೆ: ‘ನಮ್ಮ ವಾರ್ಡಿನ ಸದಸ್ಯರು ಏನು ಕೆಲಸ ಮಾಡಿದ್ದಾರೆ, ಯಾಕೆ ಗಟಾರು ಆಗಿಲ್ಲ ತಿಳಿಸಿ.’ ಇದಕ್ಕೆ ಉತ್ತರ ಬರುವುದಿಲ್ಲ. ಕಚೇರಿಯಲ್ಲಿ ಇರುವ ದಾಖಲೆ ಕೇಳಬಹುದು, ವಿವರಣೆ ಕೇಳಿದರೆ ಅರ್ಜಿ ವಾಪಸ್. ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಸಿದ್ಧ ಅರ್ಜಿಗಳೂ ಬೇಡ. ಅವುಗಳಲ್ಲಿ ಹತ್ತು ವಿಷಯ ತುರುಕಿರುತ್ತಾರೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದ ಒಳಗೆ.

ಹೀಗೆ ಬರೆಯಿರಿ: ‘ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ನಡೆದ ಸಾಮಾನ್ಯ ಸಭೆಗಳ ನಡವಳಿಯ ದೃಢೀಕೃತ ನಕಲು ಕೊಡಿ.’ ಅಷ್ಟೇ ಸಾಕು. ಐದು ವರ್ಷದ್ದು ಕೇಳಬೇಡಿ, ಒಂದು ವರ್ಷದ್ದು ಕೇಳಿ. ಅರ್ಜಿ ಶುಲ್ಕ 10 ರೂಪಾಯಿ, ನಕಲಿಗೆ ಎ4 ಪುಟಕ್ಕೆ 2 ರೂಪಾಯಿ. ಉತ್ತರಕ್ಕೆ 30 ದಿನ ಸಮಯ ಇರುತ್ತದೆ. ಚುನಾವಣೆ ಘೋಷಣೆ ಆದ ಮೇಲೆ ಹಾಕಿದರೆ ನಕಲು ಕೈಗೆ ಬರುವಷ್ಟರಲ್ಲಿ ಮತದಾನವೇ ಮುಗಿದಿರಬಹುದು, ಮೊದಲೇ ಹಾಕಿ. ಸ್ವೀಕೃತಿ ಸೀಲು ಇಲ್ಲದೆ ಕಚೇರಿಯಿಂದ ಹೊರಗೆ ಬರಬೇಡಿ.

ನಕಲು ಬಂತು ಅನ್ನಿ. ಆರಂಭದಲ್ಲೇ ಹಾಜರಿದ್ದವರ ಹೆಸರುಗಳು. ನಿಮ್ಮ ಮೆಂಬರ್ ಹೆಸರಿಗೆ ಗೆರೆ ಎಳೆಯುತ್ತಾ ಹೋಗಿ, ಹಾಜರಿ ಗೊತ್ತಾಗುತ್ತದೆ. ಆಮೇಲೆ ಪ್ರತಿ ವಿಷಯದ ಕೆಳಗಿನ ಠರಾವು, ಅಂದರೆ ಸಭೆಯ ತೀರ್ಮಾನ, ಓದಿ. ಅದನ್ನು ಮುಂದಿಟ್ಟ ಸೂಚಕರು ಯಾರು, ಬೆಂಬಲಿಸಿದ ಅನುಮೋದಕರು ಯಾರು ನೋಡಿ. ‘ಸರ್ವಾನುಮತದಿಂದ ಒಪ್ಪಲಾಯಿತು’ ಎಂಬ ಸಾಲು ಪುಟಪುಟಕ್ಕೂ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ನಿಲ್ಲಬೇಕಾದ್ದು ಎರಡು ಕಡೆ. ಒಂದು, ಜಮಾ ಖರ್ಚಿಗೆ ಮಂಜೂರಾತಿ. ಇನ್ನೊಂದು, ಘಟನೋತ್ತರ ಮಂಜೂರಾತಿ, ಅಂದರೆ ಮೊದಲು ಖರ್ಚು ಮಾಡಿ ಆಮೇಲೆ ಒಪ್ಪಿಗೆ ಕೇಳಿದ ಬಾಬತ್ತು. ಬೇಸಿಗೆಯಲ್ಲಿ ಕೊಳವೆಬಾವಿ ಮೋಟರ್ ರಿಪೇರಿ, ಟ್ಯಾಂಕರ್ ನೀರು, ಬೀದಿದೀಪದ ಸಾಮಾನು ಇವೆಲ್ಲ ಇಲ್ಲೇ ಬರುತ್ತವೆ. ಅದೇ ಮೋಟರು ಎರಡು ತಿಂಗಳಿಗೊಮ್ಮೆ ರಿಪೇರಿಗೆ ಬಂದಿದ್ದರೆ ಯಾರಾದರೂ ಎದ್ದು ಕೇಳಬೇಕಲ್ವಾ? ಕೇಳಿದವರ ಹೆಸರು ನಡವಳಿಯಲ್ಲಿ ದಾಖಲಾಗಿದ್ದರೆ, ಅವರು ಯಾವ ಪಕ್ಷದವರೇ ಇರಲಿ, ಅವರಿಗೆ ಅನುಭವ ಇದೆ ಎಂದು ನಾನು ಒಪ್ಪುತ್ತೇನೆ. ಪ್ರಶ್ನೆ ಕೇಳಿದ್ದೆ, ನಡವಳಿಯಲ್ಲಿ ಬರೆದಿಲ್ಲ ಎಂದು ಮೆಂಬರ್ ಹೇಳಿದರೆ, ಮುಂದಿನ ಸಭೆಯ ನಡವಳಿ ತೆಗೆಯಿರಿ. ಹಿಂದಿನ ನಡವಳಿ ಓದಿ ದೃಢೀಕರಿಸುವಾಗ ತಕರಾರು ಎತ್ತಿದ್ದಾರಾ ನೋಡಿ. ಕೆಲಸ ಬಲ್ಲವರು ಅಲ್ಲಿ ಸುಮ್ನೆ ಕೂರುವುದಿಲ್ಲ.

ನಾಮಪತ್ರದ ಜೊತೆಗಿನ ಪ್ರಮಾಣಪತ್ರ ಓದುವುದು ಸುಲಭ. ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣ ಎಲ್ಲ ಅಲ್ಲಿರುತ್ತದೆ. ಹಿಂದಿನ ಸಲದ್ದು ಸಿಕ್ಕರೆ ಪಕ್ಕದಲ್ಲಿಟ್ಟು ಹೋಲಿಸಿ.

ಕೊನೆಯದಾಗಿ ವಾರ್ಡ್ ಬದಲಾವಣೆ. ಮೀಸಲಾತಿ ಬದಲಾದಾಗ ಹಳಬರು ಪಕ್ಕದ ವಾರ್ಡಿಗೆ ಹೋಗುತ್ತಾರೆ, ಇಲ್ಲವೇ ಮನೆಯ ಹೆಣ್ಣುಮಕ್ಕಳನ್ನು ನಿಲ್ಲಿಸುತ್ತಾರೆ. ಬೇರೆ ವಾರ್ಡಿನಿಂದ ಬಂದವರಾದರೆ ಅವರ ಹಳೇ ಓಣಿಗೆ ಬೆಳಗ್ಗೆ ನಳ ಬಿಡುವ ಹೊತ್ತಿಗೆ ಹೋಗಿ. ಕೊಡ ಹಿಡಿದು ನಿಂತವರನ್ನು ಮಾತಾಡಿಸಿ. ಮನೆಯವರನ್ನು ನಿಲ್ಲಿಸಿದ್ದರೆ ಗಂಡನ ಅನುಭವವನ್ನು ಹೆಂಡತಿಯ ಲೆಕ್ಕಕ್ಕೆ ಬರೆಯಬೇಡಿ. ಸಭೆಯಲ್ಲಿ ಕೂರುವವರು ಆ ಅಕ್ಕನೇ, ಸಹಿ ಹಾಕುವವರೂ ಅವರೇ. ಪ್ರಶ್ನೆಯನ್ನೂ ಅವರಿಗೇ ಕೇಳಿ, ಅವರೇ ಉತ್ತರ ಹೇಳಲಿ. ಪಕ್ಕದಿಂದ ಯಾರಾದರೂ ಬಾಯಿ ಹಾಕಿದರೆ ‘ಅಕ್ಕಾರು ಹೇಳಲ್ರೀ’ ಅನ್ನಿ.